ಒಂದು ಗೇಣು ಮೌನ

ನಮ್ಮ ಅತ್ತಿಗೆ ಬೆರಳುಗಳ ಮೇಲೆ ರಾಜ್ಯವಾಳಿದವರು. ತಮ್ಮವಲ್ಲ, ಬೇರೆಯವರ ಬೆರಳುಗಳ ಮೇಲೆ. ಒಂದು ಬ್ಯಾಚಿಗೆ ಹನ್ನೊಂದು ಜನ, ದಿನಕ್ಕೆ ಆರು ಬ್ಯಾಚು. ತಲೆಗೆ ಹತ್ತರಂತೆ ಆರುನೂರ ಅರವತ್ತು ಬೆರಳುಗಳು ಬೆಳಗ್ಗೆ ಏಳರಿಂದ ಸಂಜೆ ಏಳರವರೆಗೆ ಅವರ ಕಣ್ಸನ್ನೆಗೆ ಕುಣಿಯುತ್ತಿದ್ದವು. ಇಷ್ಟು ದೊಡ್ಡ ಸೈನ್ಯ ಕೈಯಲ್ಲಿದ್ದೂ ಯಾರ ಮೇಲೂ ದಂಡೆತ್ತಿ ಹೋಗದೆ, ಮನೆಯ ಮುಂದಿನ ಕೋಣೆಯಲ್ಲಿ ಟೈಪಿಂಗ್ ಕಲಿಸಿಕೊಂಡು ಸುಮ್ಮನಿದ್ದರಲ್ಲ, ಅದು ಊರಿನ ಪುಣ್ಯ.

ಆ ಕೋಣೆಗೆ ಉದ್ದವಿತ್ತು, ಅಗಲ ಇರಲಿಲ್ಲ. ಎರಡು ಗೋಡೆಗಳಿಗೂ ಬೆನ್ನು ಕೊಟ್ಟು ಹನ್ನೊಂದು ಟೈಪ್‌ರೈಟರುಗಳು ಕೂತಿದ್ದವು. ಎಲ್ಲಕ್ಕಿಂತ ಹಳೆಯದಕ್ಕೆ ಪಟ್ಟದಾನೆ ಅಂತ ಹೆಸರು. ಅದನ್ನು ಎತ್ತಲು ಇಬ್ಬರು ಬೇಕು, ಇಳಿಸಲು ಮೂವರು. ಇನ್ನೊಂದು ಕುಂಟ, ಅದರ ಒಂದು ಕಾಲಿನಡಿ ಮಡಚಿದ ರಟ್ಟು ಇರುತ್ತಿತ್ತು. ಮತ್ತೊಂದು, ಸಾಲು ಮುಗಿಯುವಾಗ ಹೊಡೆಯಬೇಕಾದ ಗಂಟೆಯನ್ನು ಹೊಡೆಯದೆ ನುಂಗಿಕೊಳ್ಳುತ್ತಿತ್ತು. ಅದರ ಮುಂದೆ ಕೂತವರು ಸಾಲು ಮುಗಿದದ್ದು ಗೊತ್ತಾಗದೆ ಗೋಡೆಯವರೆಗೂ ಟೈಪ್ ಮಾಡಿಕೊಂಡು ಹೋಗುತ್ತಾರೆ ಅನ್ನುವುದು ನಮ್ಮ ಮನೆಯ ಹಳೇ ಜೋಕು.

ಅದೇ ಕೋಣೆಯ ಬೀದಿ ಕಡೆಯ ಕಿಟಕಿಯಲ್ಲಿ ಅಣ್ಣನ ಗಡಿಯಾರ ರಿಪೇರಿ ಅಂಗಡಿ. ಅಂಗಡಿ ಅಂದರೆ ಒಂದು ಮೇಜು, ಒಂದು ದೀಪ, ಎಡಗಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿ, ಮತ್ತು ಅಣ್ಣ. ಅತ್ತಿಗೆ ಮಾತಾಡಿದರೆ ಮನೆಗೆ ಮನೆಯೇ ಬೆಚ್ಚುತ್ತಿತ್ತು. ಅಣ್ಣ ಮಾತಾಡಿದರೆ ಸ್ವತಃ ಅಣ್ಣನೇ ಬೆಚ್ಚುತ್ತಿದ್ದ. ಇಬ್ಬರ ಸಂಸಾರ ಚೆನ್ನಾಗಿ ನಡೆದಿತ್ತು.

ಅತ್ತಿಗೆಯ ಸಿದ್ಧಾಂತದ ಪ್ರಕಾರ ಬೆರಳುಗಳಲ್ಲಿ ಒಗ್ಗಟ್ಟಿಲ್ಲ. ತೋರುಬೆರಳು ದುರಹಂಕಾರಿ, ಎಲ್ಲರಿಗಿಂತ ಮುಂದೆ ಓಡುತ್ತದೆ. ಕಿರುಬೆರಳು ಸೋಮಾರಿ. ಉಂಗುರದ ಬೆರಳು ಪಕ್ಕದವರನ್ನು ಕೇಳದೆ ಏಳುವುದೇ ಇಲ್ಲ. ಇವರನ್ನೆಲ್ಲ ಒಂದೇ ಹೆಜ್ಜೆಗೆ ತರಬೇಕಾದರೆ ತಾಳ ಬೇಕು. ಹಾಗಾಗಿ ಮೊದಲ ಕೆಲವು ವರ್ಷ ಅವರು ತಾವೇ 'ಒಂದ್, ಎರಡ್, ಮೂರ್, ನಾಕ್' ಅಂತ ಕೂಗುತ್ತಿದ್ದರು. ಹನ್ನೊಂದು ಯಂತ್ರಗಳ ಸದ್ದಿನ ಮೇಲೆ ಕೇಳಿಸುವಂತೆ ಕೂಗಬೇಕಲ್ಲ. ಗಂಟಲು ಬಿದ್ದುಹೋಯಿತು. ಡಾಕ್ಟರು ಹದಿನೈದು ದಿನ ಮಾತಾಡಕೂಡದು ಅಂದರು. ಆ ಹದಿನೈದು ದಿನ ಮನೆಯಲ್ಲಿ ಎಷ್ಟು ನೆಮ್ಮದಿ ಇತ್ತು ಅಂತ ನಾನು ಬರೆಯುವುದಿಲ್ಲ. ಅತ್ತಿಗೆ ಇದನ್ನು ಓದುತ್ತಾರೆ.

ಗಂಟಲಿನ ಬದಲಿಗೆ ಟೇಪ್ ರೆಕಾರ್ಡರ್ ಬಂತು. ಮೊದಲು ಹಾಕಿದ್ದು ಹಾಡಿನ ಕ್ಯಾಸೆಟ್. ಅದು ಎರಡೇ ದಿನ ಬಾಳಿತು. ಕಿವಿಗೆ ಬಿದ್ದ ಮಾತನ್ನು ಬೆರಳು ನೇರವಾಗಿ ಕಾಗದಕ್ಕೆ ಇಳಿಸಿಬಿಡುತ್ತದೆ, ನಡುವೆ ತಲೆಯನ್ನು ಕೇಳುವುದಿಲ್ಲ. ಒಬ್ಬ ಹುಡುಗಿಯ ಅಭ್ಯಾಸದ ರಜಾ ಅರ್ಜಿ ಹೀಗೆ ಹೊರಬಂತು: 'ಮಾನ್ಯರೇ, ನಿನ್ನ ಕಣ್ಣಂಚಿನಲ್ಲಿ ನನಗೆ ಮೂರು ದಿನ ರಜೆ ಬೇಕಾಗಿರುತ್ತದೆ.' ಅತ್ತಿಗೆ ಅದನ್ನು ಓದಿ, ಕ್ಯಾಸೆಟ್ಟನ್ನು ಪೆಟ್ಟಿಗೆಗೆ ಹಾಕಿ, ಪೇಟೆಗೆ ಹೋಗಿ, ಮಾತೇ ಇಲ್ಲದ ಒಂದು ಕ್ಯಾಸೆಟ್ ಹುಡುಕಿ ತಂದರು. ಯಾವುದೋ ವಾದ್ಯವೃಂದದ ಕವಾಯತಿನ ಸಂಗೀತ. ತುತ್ತೂರಿ, ಕೊಳಲು, ಡೋಲು. ಸರಿಯಾಗಿ ಹತ್ತು ನಿಮಿಷ. ಟೈಪಿಂಗ್ ಪರೀಕ್ಷೆಯ ವೇಗದ ಪಾಠವೂ ಸರಿಯಾಗಿ ಹತ್ತು ನಿಮಿಷ. ಹೇಳಿ ಮಾಡಿಸಿದ ಹಾಗಿತ್ತು.

ಈಗ ಒಂದು ಪಾಪದ ಕಥೆ ಹೇಳಬೇಕು. ಪಾಪಿ ನಾನೇ.

ಕ್ಯಾಸೆಟ್ ಬಂದು ಎರಡು ವಾರವಾಗಿತ್ತು. ಅತ್ತಿಗೆ ಮೂರು ದಿನಕ್ಕೆ ಅವರ ಅಕ್ಕನ ಮನೆಗೆ ಹೋಗಿದ್ದರು. ನನಗೆ ಆಗ ಇಪ್ಪತ್ತೆರಡು ವರ್ಷ. ಟೈಪಿಂಗಿನ ಮೊದಲ ಮೆಟ್ಟಿಲಾದ ಕೆಳದರ್ಜೆ ಪರೀಕ್ಷೆಯಲ್ಲಿ ಎರಡು ಸಲ ಫೇಲಾಗಿದ್ದೆ. ಬುದ್ಧಿವಂತರು ಫೇಲಾದರೆ ಕಾರಣ ಹುಡುಕುತ್ತಾರೆ. ನಾನು ಹುಡುಕಿದ ಕಾರಣ ಇದು: ಸಂಗೀತ ನಿಧಾನವಾಗಿದೆ, ಆದ್ದರಿಂದ ನಾನು ನಿಧಾನ. ಸಂಗೀತ ಓಡಿದರೆ ನಾನೂ ಓಡುತ್ತೇನೆ. ಹಾಗಂದುಕೊಂಡು ಟೇಪ್ ರೆಕಾರ್ಡರಿನ ಹಾಡುವ ಗುಂಡಿ, ಮುಂದೆ ಓಡಿಸುವ ಗುಂಡಿ, ಎರಡನ್ನೂ ಒಟ್ಟಿಗೆ ಒತ್ತಿದೆ. ಎರಡು ಕ್ಷಣ ಇಡೀ ವಾದ್ಯವೃಂದ ನಾಯಿ ಅಟ್ಟಿಸಿಕೊಂಡು ಬಂದ ಹಾಗೆ ಓಡಿತು. ಆಮೇಲೆ ಗೊರ್ ಅಂತ ಸದ್ದಾಗಿ ನಿಂತಿತು. ಮುಚ್ಚಳ ತೆಗೆದರೆ, ಯಂತ್ರ ಟೇಪನ್ನು ಎಮ್ಮೆಯ ಹಾಗೆ ಮೆಲುಕು ಹಾಕುತ್ತಿತ್ತು.

ಅಣ್ಣನ ಮುಂದೆ ಹೋಗಿ ನಿಂತೆ. ಅವನು ಕಣ್ಣಿನಿಂದ ಗಾಜು ತೆಗೆಯದೆಯೇ ಮೊದಲು ಟೇಪನ್ನು, ಆಮೇಲೆ ನನ್ನನ್ನು ನೋಡಿದ.

"ಅವಳು ಯಾವತ್ತು ಬರ್ತಾಳೆ?"

"ನಾಳೆ."

"ಹೂಂ."

ಚಿಕ್ಕ ಕತ್ತರಿಯಿಂದ ಸುಕ್ಕಾದ ಭಾಗವನ್ನು ಕತ್ತರಿಸಿದ. ಒಂದು ಗೇಣು ಉದ್ದವಿತ್ತು. "ಇನ್ನೇನು, ಎರಡು ತುದಿ ಅಂಟಿಸಿಬಿಡು ಅಣ್ಣ" ಅಂದೆ.

"ಅಂಟಿಸಿದರೆ ನಾಲ್ಕು ಸೆಕೆಂಡು ಕಮ್ಮಿ ಆಗುತ್ತೆ."

"ಆದರೆ ಆಗಲಿ ಬಿಡು. ನಾಲ್ಕು ಸೆಕೆಂಡು ಯಾರಿಗೆ ಬೇಕು?"

ಗಡಿಯಾರ ರಿಪೇರಿ ಮಾಡುವವನ ಮುಂದೆ ಆಡಬಾರದ ಮಾತು ಅದು. ಅಣ್ಣ ನನ್ನನ್ನು ನೋಡಿದ ನೋಟದಲ್ಲಿ ಆ ಮನೆಗೆ ನಾನು ಹೊರಗಿನವನಾದೆ. ಅವನು ಬೇರೊಂದು ಖಾಲಿ ಕ್ಯಾಸೆಟ್ ತೆಗೆದು, ಅದರಿಂದ ಅಷ್ಟೇ ಉದ್ದದ, ಏನೂ ರೆಕಾರ್ಡಾಗದ ಟೇಪನ್ನು ಅಳೆದು, ಕತ್ತರಿಸಿ, ನಡುವೆ ಕೂರಿಸಿ, ಎರಡೂ ಕಡೆ ಅಂಟಿಸಿದ. ಸಂಗೀತ ಹೋದರೂ ಸಮಯ ಹೋಗಬಾರದು ಅನ್ನುವುದು ಅವನ ಧರ್ಮ.

"ಇದು ನಿನ್ನ ಹೊಟ್ಟೇಲಿರಲಿ" ಅಂದ.

ಮರುದಿನ ಅತ್ತಿಗೆ ಬಂದರು, ಕ್ಯಾಸೆಟ್ ಹಾಕಿದರು. ಆರು ನಿಮಿಷ ಇಪ್ಪತ್ತು ಸೆಕೆಂಡು ತುತ್ತೂರಿ ಕೊಳಲು ಎಲ್ಲ ಸರಿಯಾಗಿಯೇ ಬಂದವು. ಆಮೇಲೆ ಬಾವಿಗೆ ಬಿದ್ದ ಹಾಗೆ ಎಲ್ಲ ನಿಂತು, ನಾಲ್ಕು ಸೆಕೆಂಡು ಏನೂ ಇಲ್ಲ. ಆಮೇಲೆ ಏನೂ ಆಗದವರ ಹಾಗೆ ಮತ್ತೆ ಶುರು. ಅತ್ತಿಗೆ ತಲೆ ಎತ್ತಿದರು. ಅಣ್ಣ ತಲೆ ತಗ್ಗಿಸಿದ. ನಾನು ಬಾಗಿಲು ಎಷ್ಟು ದೂರವಿದೆ ಅಂತ ನೋಡಿಕೊಂಡೆ.

"ಇಷ್ಟು ದಿನ ನಾನಿದನ್ನ ಗಮನಿಸೇ ಇರಲಿಲ್ಲ ನೋಡ್ರೀ" ಅಂದರು ಅತ್ತಿಗೆ. "ಎಂಥಾ ವಿರಾಮ. ದೊಡ್ಡ ಕಲಾವಿದರು ಅಂದರೆ ಸುಮ್ಮನೇನಾ?"

ಅವತ್ತಿನಿಂದ ಆ ಒಂದು ಗೇಣು ಮೌನ ಪಾಠಕ್ರಮ ಸೇರಿತು. ಅಲ್ಲಿಗೆ ಬಂದ ಕೂಡಲೇ ಹನ್ನೊಂದು ಜನವೂ ಕೈ ಎತ್ತಬೇಕು, ಬೆನ್ನು ನೆಟ್ಟಗೆ ಮಾಡಬೇಕು, ಉಸಿರು ಎಳೆದುಕೊಳ್ಳಬೇಕು, ಮತ್ತೆ ಕೈ ಇಳಿಸಬೇಕು. ಹೊಸಬರಿಗೆ ಅತ್ತಿಗೆ ಒಂದು ಪುಟ್ಟ ಉಪನ್ಯಾಸವನ್ನೇ ಕೊಡುತ್ತಿದ್ದರು. "ಸಂಗೀತದಲ್ಲಿ ಮೌನವೂ ಒಂದು ಸ್ವರ. ಬರವಣಿಗೆಯಲ್ಲಿ ಬಿಟ್ಟ ಜಾಗವೂ ಒಂದು ಅಕ್ಷರ. ಗೊತ್ತಾಯ್ತಾ?" ಎಲ್ಲರೂ ಗೊತ್ತಾಯಿತು ಅನ್ನುತ್ತಿದ್ದರು. ಕಿಟಕಿಯಲ್ಲಿ ಅಣ್ಣ ಇನ್ನೂ ಬಗ್ಗಿ ಕೂರುತ್ತಿದ್ದ.

ಹೀಗೆ ಹದಿನಾಲ್ಕು ವರ್ಷ.

ವರ್ಷಕ್ಕೆರಡು ಸಲ ಹೈಸ್ಕೂಲಿನ ಹಾಲಿನಲ್ಲಿ ಪರೀಕ್ಷೆ. ಯಂತ್ರಗಳನ್ನು ನಾವೇ ಒಯ್ಯಬೇಕು. ತಳ್ಳುಗಾಡಿಗಳ ಮೇಲೆ ಹನ್ನೊಂದು ಟೈಪ್‌ರೈಟರುಗಳ ಮೆರವಣಿಗೆ, ಮುಂದೆ ಪಟ್ಟದಾನೆ, ಪಕ್ಕದಲ್ಲಿ ಕೊಡೆ ಹಿಡಿದ ಅತ್ತಿಗೆ. ಯುದ್ಧಕ್ಕೆ ಹೊರಟವರನ್ನು ನೋಡುವಂತೆ ಜನ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಪರೀಕ್ಷೆಯಲ್ಲಿ ಸಂಗೀತ ಇರುವುದಿಲ್ಲ, ನಿಜ. ಆದರೆ ಒಂದು ವರ್ಷ ದಿನಾ ಕೇಳಿದ್ದು ಬೆರಳೊಳಗೆ ಇಳಿದಿರುತ್ತದೆ. ಆರಂಭದ ಗಂಟೆ ಹೊಡೆದರೆ ಸಾಕು, ಒಳಗಿನ ತುತ್ತೂರಿ ತಾನೇ ಶುರುವಾಗುತ್ತದೆ. ಹದಿನಾಲ್ಕು ವರ್ಷ ಬರುತ್ತಿದ್ದ ಹಳೆಯ ಪರೀಕ್ಷಕರು ಗಂಟೆ ಹೊಡೆದು ದಿನಪತ್ರಿಕೆ ಬಿಡಿಸಿದರೆ, ಮುಗಿಯುವ ಗಂಟೆಗೇ ಮಡಚುತ್ತಿದ್ದರು. ಅವರ ಕಾಲದಲ್ಲಿ ನನ್ನನ್ನು ಬಿಟ್ಟು ಎಲ್ಲರೂ ಪಾಸು.

ಆ ವರ್ಷ ಅವರು ನಿವೃತ್ತರಾಗಿ ಹೊಸಬರು ಬಂದರು. ಉದ್ದ ಕುತ್ತಿಗೆ, ಬಿಳಿ ಅಂಗಿ, ಕೈಯಲ್ಲಿ ಸ್ಟಾಪ್‌ವಾಚು. ಹಾಲಿನ ಮೂಲೆಯಲ್ಲಿ ಒಂದೇ ಕಾಲಿನ ಮೇಲೆ ಭಾರ ಹಾಕಿ ಅಲುಗಾಡದೆ ನಿಂತರಂತೆ. ಹುಡುಗಿಯರು ಅಲ್ಲೇ ಅವರಿಗೆ ಕೊಕ್ಕರೆ ಅಂತ ಹೆಸರಿಟ್ಟರು. ಹತ್ತು ದಿನ ಬಿಟ್ಟು ಪರೀಕ್ಷಾ ಮಂಡಳಿಯಿಂದ ಕಾಗದ ಬಂತು:

'ತಮ್ಮ ಸಂಸ್ಥೆಯ ಹನ್ನೊಂದು ಅಭ್ಯರ್ಥಿಗಳೂ ಪರೀಕ್ಷೆಯ ನಡುವೆ ಯಾವುದೋ ಗುಪ್ತ ಸಂಕೇತ ಪಡೆದು ಏಕಕಾಲಕ್ಕೆ ಕೈ ಎತ್ತಿ, ಏಕಕಾಲಕ್ಕೆ ಮತ್ತೆ ಆರಂಭಿಸಿರುವುದು ಕಂಡುಬಂದಿದೆ. ಫಲಿತಾಂಶ ತಡೆಹಿಡಿಯಲಾಗಿದೆ. ವಿಚಾರಣೆಯಲ್ಲಿ ಸಮರ್ಪಕ ವಿವರಣೆ ದೊರೆಯದಿದ್ದಲ್ಲಿ ಸಂಸ್ಥೆಯ ಮಾನ್ಯತೆ ರದ್ದಾಗುವುದು.'

ಅತ್ತಿಗೆ ಮೊದಲು ಆ ಕಾಗದದಲ್ಲಿದ್ದ ಮೂರು ಟೈಪಿಂಗ್ ತಪ್ಪುಗಳಿಗೆ ಕೆಂಪು ಗುರುತು ಹಾಕಿದರು. ಆಮೇಲೆ ಕೂತರು. ತರಗತಿಯ ಹೊತ್ತಿನಲ್ಲಿ ಅವರು ಕೂತದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಮಾನ್ಯತೆ ಹೋದರೆ ಯಾರೂ ಕಲಿಯಲು ಬರುವುದಿಲ್ಲ; ಪರೀಕ್ಷೆಗೆ ಕೂರಿಸಲಾಗದ ಟೈಪಿಂಗ್ ಸ್ಕೂಲು ಬರೀ ಕಬ್ಬಿಣದ ಗುದಾಮು.

"ನಡುವೆ ನಿಲ್ಲಿಸಿದಿರೇನ್ರೋ?" ಅಂತ ಬ್ಯಾಚಿನವರನ್ನು ಕೇಳಿದರು. ಸಂಗೀತವೇ ಇಲ್ಲದ ಹಾಲಿನಲ್ಲಿ ಕ್ಯಾಸೆಟ್ಟಿನ ವಿರಾಮ ಬಂದೀತು ಅಂತ ಅವರಿಗೆ ಹೊಳೆಯಲೇ ಇಲ್ಲ.

"ಇಲ್ಲ ಟೀಚರ್" ಅಂದರು ಹನ್ನೊಂದೂ ಜನ, ಒಂದೇ ಸಲಕ್ಕೆ.

ಅವರು ಸುಳ್ಳು ಹೇಳಲಿಲ್ಲ. ನಡೆಯುವವನಿಗೆ ಯಾವ ಹೆಜ್ಜೆ ಯಾವಾಗ ಇಟ್ಟೆ ಅಂತ ನೆನಪಿರುತ್ತದೆಯೇ? ಅವರಲ್ಲಿ ಒಬ್ಬರು ಅಂಚೆ ಅಜ್ಜ. ನಲವತ್ತು ವರ್ಷ ಬೇರೆಯವರು ಬರೆದದ್ದನ್ನು ಹೊತ್ತು ತಿರುಗಿದ್ದಾಯಿತು, ಇನ್ನು ನಾನೇ ಬರೆಯುತ್ತೇನೆ ಅಂತ ನಿವೃತ್ತಿಯಾದ ಮೇಲೆ ಬಂದು ಸೇರಿದ್ದವರು. "ನಿಲ್ಲಿಸೋಕೆ ನನಗೇನು ಹುಚ್ಚೇನಮ್ಮ? ಮೊದಲೇ ಕಣ್ಣು ಮಂಜು. ಒಂದು ಸಲ ನಿಂತರೆ ಮತ್ತೆ ಸಾಲು ಸಿಗಲ್ಲ ನನಗೆ" ಅಂದರು.

ನಾನು ಅಣ್ಣನ ಕಡೆ ನೋಡಿದೆ. ಅಣ್ಣ ನನ್ನ ಕಡೆ ನೋಡಿದ. ಹದಿನಾಲ್ಕು ವರ್ಷ ಹೊಟ್ಟೆಯಲ್ಲಿದ್ದದ್ದು ಮಗ್ಗುಲು ಬದಲಿಸಿತು. ನಾಳೆ ಹೇಳೋಣ ಅಂದುಕೊಂಡೆವು. ನಾಳೆ ಬಂತು, ಅದರ ಜೊತೆಗೆ ವಿಚಾರಣೆಗೆ ಕೊಕ್ಕರೆ ಸಾಹೇಬರೂ ಬಂದರು.

ಸಾಹೇಬರು ಕುರ್ಚಿ ಬೇಡ ಅಂದರು, ನೀರು ಬೇಡ ಅಂದರು, ನಿಂತೇ ಇದ್ದರು. "ನೋಡಿ ಮೇಡಂ, ಸಂಕೇತ ಇಲ್ಲದೆ ಹನ್ನೊಂದು ಜನ ಒಟ್ಟಿಗೆ ಸೀನೋದೂ ಇಲ್ಲ. ಇಲ್ಲೇ ಇನ್ನೊಂದು ಪರೀಕ್ಷೆ ಮಾಡ್ತೀನಿ. ಒಬ್ಬರಿಗೊಬ್ಬರು ಕಾಣಬಾರದು. ನೀವು ಮನೆಯಲ್ಲೇ ಇರಬಾರದು."

"ನನ್ನ ಮನೆಯಿಂದ ನನ್ನನ್ನೇ ಹೊರಗೆ ಹಾಕ್ತೀರಾ?"

"ಹತ್ತು ನಿಮಿಷ ಅಷ್ಟೇ."

ಅತ್ತಿಗೆ ಕೊಡೆ ತೆಗೆದುಕೊಂಡು ಎದುರು ಫುಟ್‌ಪಾತಿನ ಮೇಲೆ ಹೋಗಿ ನಿಂತರು. ಇತ್ತ ಮನೆಯೊಳಗೆ ಯಂತ್ರಗಳ ವಲಸೆ ಶುರುವಾಯಿತು. ಎರಡು ಅಡುಗೆಮನೆಗೆ, ಎರಡು ಮಲಗುವ ಕೋಣೆಗೆ, ಒಂದು ಮಹಡಿ ಮೆಟ್ಟಿಲಿಗೆ, ಒಂದು ಪಕ್ಕದ ಮನೆಯ ಜಗಲಿಗೆ. ನಾಲ್ಕನ್ನು ಮುಂದಿನ ಕೋಣೆಯ ನಾಲ್ಕು ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಇಡಿಸಿದರು. ಅಂಚೆ ಅಜ್ಜನಿಗೆ ಬಚ್ಚಲುಮನೆ ಬಂತು. ಬೋರಲು ಹಾಕಿದ ಬಕೆಟ್ಟಿನ ಮೇಲೆ ಕುಂಟ ಯಂತ್ರವನ್ನು ಇಟ್ಟುಕೊಂಡು ಕೂತರು. "ಕೆಲಸ ಮುಗಿದ ಮೇಲೆ ಸ್ನಾನಾನೂ ಮಾಡಿಕೊಂಡು ಬರಲಾ ಸ್ವಾಮಿ?" ಅಂತ ಒಳಗಿಂದ ಕೇಳಿದರು. ಸಾಹೇಬರು ಪಾಠಗಳ ಕಟ್ಟು ಬಿಚ್ಚತೊಡಗಿದರು.

ಎಲ್ಲರಿಗೂ ಒಂದೊಂದು ಹೊಸ ಪಾಠದ ಹಾಳೆ ಕೊಟ್ಟರು. ಯಾರಿಗೂ ಒಂದೇ ಪಾಠವಲ್ಲ. ಮನೆಯ ನಡುಮಧ್ಯೆ ನಿಂತು, ಅಡುಗೆಮನೆಯ ತಟ್ಟೆಗೆ ಸೌಟಿನಿಂದ ಒಂದು ಏಟು ಹೊಡೆದರು. ಹನ್ನೊಂದು ಕಡೆಯಿಂದ ಟೈಪಿಂಗ್ ಶುರುವಾಯಿತು. ಪಾತ್ರೆಗಳು ಕುಣಿದವು, ಮೆಟ್ಟಿಲು ನಡುಗಿತು, ಬಚ್ಚಲಿನಿಂದ ತಂಬಿಗೆ ಉರುಳಿದ ಸದ್ದು ಬಂತು. ಸಾಹೇಬರು ಸ್ಟಾಪ್‌ವಾಚು ಹಿಡಿದು ಕುತ್ತಿಗೆ ಇನ್ನಷ್ಟು ಉದ್ದ ಮಾಡಿ ನಿಂತರು. ಐದು ನಿಮಿಷ. ಆರು.

ಆರು ಇಪ್ಪತ್ತಕ್ಕೆ ಮನೆಗೆ ಮನೆಯೇ ಮೂಕವಾಯಿತು.

ಪಕ್ಕದ ಮನೆಯ ನಲ್ಲಿ ತೊಟ್ಟಿಕ್ಕುವುದು ಕೇಳಿಸಿತು. ಅಣ್ಣನ ಮೇಜಿನ ಮೇಲೆ ರಿಪೇರಿಗೆ ಬಂದ ಗಡಿಯಾರಗಳೆಲ್ಲ ಟಿಕ್ ಅಂದವು, ನಾಲ್ಕು ಸಲ. ಬಚ್ಚಲಿನಲ್ಲಿ ಅಂಚೆ ಅಜ್ಜನ ಬೆನ್ನು ಲಟಕ್ಕೆಂದು ನೆಟ್ಟಗಾದದ್ದು ಹೊರಗೇ ಕೇಳಿಸಿತು. ಆಮೇಲೆ ಹನ್ನೊಂದೂ ಕಡೆಯಿಂದ ಮತ್ತೆ ಜಡಿಮಳೆ.

ಸಾಹೇಬರು ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟರು. ಅವರ ಮುಖದಲ್ಲಿ ಮೊದಲ ಸಲ ಭಯ ಕಂಡಿತು. ಗೋಡೆಗಳಾಚೆಗೂ ಮುಟ್ಟುವ ಸಂಚು ಅವರ ಸರ್ವಿಸಿನಲ್ಲಿ ಬಂದಿರಲಿಲ್ಲ.

ಅತ್ತಿಗೆ ಫುಟ್‌ಪಾತಿನಿಂದಲೇ ಕೇಳಿಸಿಕೊಂಡಿದ್ದರು. ರಸ್ತೆ ದಾಟಿ ಬಂದವರ ಮುಖ ಬೆಳಗುತ್ತಿತ್ತು. "ಇಷ್ಟೇನಾ ಸಾರ್? ಇದು ಸಂಕೇತ ಅಲ್ಲ, ಸಂಗೀತ. ನಾವು ಕಲಿಸೋದೇ ವಾದ್ಯ ಹಾಕಿ. ಆ ವಾದ್ಯದಲ್ಲಿ ಆರು ಇಪ್ಪತ್ತಕ್ಕೆ ಒಂದು ವಿರಾಮ ಬರುತ್ತೆ. ಪಾಪ, ಮಕ್ಕಳಿಗೆ ಅಷ್ಟು ಮೈಗೂಡಿದೆ. ಕೇಳಿ ಬೇಕಾದರೆ."

ಕ್ಯಾಸೆಟ್ ಹಾಕಿದರು. ತುತ್ತೂರಿ ಶುರುವಾದ ಕೂಡಲೇ ಸಾಹೇಬರ ಮುಖ ಸಡಿಲವಾಯಿತು. ಕಾಲಿನ ಹೆಬ್ಬೆರಳು ಚಪ್ಪಲಿಯೊಳಗೆ ತಾಳ ಹಾಕಿತು. ನಾವು ಗೆದ್ದೆವು ಅಂದುಕೊಂಡೆ. ಆರು ಇಪ್ಪತ್ತು ಬಂತು. ಮೌನ ಬಂತು. ಹೋಯಿತು. ಸಾಹೇಬರ ಹೆಬ್ಬೆರಳು ನಿಂತಿತು.

"ಮೇಡಂ, ಇದೇ ಕ್ಯಾಸೆಟ್ ನಮ್ಮನೇಲೂ ಇದೆ. ಹತ್ತು ವರ್ಷದಿಂದ ಬೆಳಗ್ಗೆ ಗಡ್ಡ ಮಾಡಿಕೊಳ್ಳುವಾಗ ಹಾಕ್ತೀನಿ. ಇಲ್ಲಿ ಡೋಲು ಬರುತ್ತೆ. ಮೇಲ್ದುಟಿ ಕೆರೆಯೋ ಜಾಗ ಇದು, ನನಗೆ ಚೆನ್ನಾಗಿ ಗೊತ್ತು. ಈ ವಾದ್ಯದಲ್ಲಿ ಯಾವ ವಿರಾಮವೂ ಇಲ್ಲ."

"ಇದೆ ಸಾರ್. ಹದಿನಾಲ್ಕು ವರ್ಷದಿಂದ ಕೇಳ್ತಿದ್ದೀನಿ."

"ಇಲ್ಲ ಮೇಡಂ. ನೀವು ಬೇಕೂಂತಲೇ ಟೇಪಿಗೆ ಕೈ ಹಾಕಿ, ಮೌನ ತುಂಬಿಸಿ, ಒಂದೇ ಕ್ಷಣಕ್ಕೆ ಎಲ್ಲರೂ ಕೈ ಬಿಡೋ ಹಾಗೆ ತರಬೇತಿ ಕೊಟ್ಟಿದ್ದೀರಿ. ಆ ಕ್ಷಣದಲ್ಲಿ ಮೊದಲೇ ಟೈಪ್ ಮಾಡಿಟ್ಟ ಹಾಳೆ ಬದಲಾಯಿಸೋಕೆ. ನಾನು ಬರೀ ಅನುಮಾನ ಇಟ್ಟುಕೊಂಡು ಬಂದಿದ್ದೆ. ಈಗ ನೀವೇ ಸಾಕ್ಷಿ ಕೊಟ್ಟಿರಿ. ಮಾನ್ಯತೆ ರದ್ದು ಮಾಡೋಕೆ ಇಷ್ಟು ಸಾಕು."

ಅತ್ತಿಗೆಯ ಬಾಯಿ ತೆರೆಯಿತು. ಡಾಕ್ಟರು ಬೇಡ ಅಂದಾಗಲೂ ಪಿಸುಮಾತಿನಲ್ಲಿ ಬೈದವರು ಈಗ ಸುಮ್ಮನೆ ಟೇಪ್ ರೆಕಾರ್ಡರನ್ನು ನೋಡುತ್ತ ನಿಂತರು. ನನಗೆ ತಡೆಯಲಾಗಲಿಲ್ಲ.

"ಅದು ಅವರಲ್ಲ ಸಾರ್" ಅಂದೆ. "ನಾನು."

"ನಾವು" ಅಂದ ಅಣ್ಣ, ಕಿಟಕಿಯಿಂದ.

ಅಣ್ಣ ಮಾತಾಡಿದ್ದಕ್ಕೇ ಎಲ್ಲರೂ ಒಮ್ಮೆ ಅತ್ತ ತಿರುಗಿದರು. ನಾನು ಎರಡು ಗುಂಡಿ ಒಟ್ಟಿಗೆ ಒತ್ತಿದ್ದು, ಯಂತ್ರ ಮೆಲುಕು ಹಾಕಿದ್ದು, ಕತ್ತರಿ, ಖಾಲಿ ಟೇಪು, ಎಲ್ಲ ಹೇಳಿದೆ. ಬ್ಯಾಚಿನವರೆಲ್ಲ ಬಾಗಿಲುಗಳಲ್ಲಿ ಬಂದು ನಿಂತಿದ್ದರು. ಅಂಚೆ ಅಜ್ಜ ಬಚ್ಚಲಿನಿಂದ ಕತ್ತು ಚಾಚಿದ್ದರು.

"ಕಥೆ ಚೆನ್ನಾಗಿದೆ" ಅಂದರು ಸಾಹೇಬರು. "ಮನೆಯವರು ಮನೆಯವರನ್ನ ಬಿಟ್ಟುಕೊಡ್ತಾರಾ? ಪುರಾವೆ ಏನಿದೆ?"

ಅಣ್ಣ ಮೇಜಿನ ಡ್ರಾಯರ್ ಎಳೆದ. ಗಡಿಯಾರ ರಿಪೇರಿಯವರು ಏನನ್ನೂ ಎಸೆಯುವುದಿಲ್ಲ. ಸತ್ತ ಮುಳ್ಳು, ಮುರಿದ ಸ್ಪ್ರಿಂಗು, ಒಡೆದ ಗಾಜು, ಎಲ್ಲಕ್ಕೂ ಅಲ್ಲಿ ಒಂದೊಂದು ಡಬ್ಬಿ. ಅಷ್ಟು ಡಬ್ಬಿಗಳ ನಡುವಿಂದ ಒಂದು ಪುಟ್ಟ ತಗಡಿನ ಡಬ್ಬಿ ತೆಗೆದು ಸಾಹೇಬರ ಕೈಗಿಟ್ಟ. ಮುಚ್ಚಳದ ಮೇಲೆ ಇರುವೆಯಂಥ ಅಕ್ಷರಗಳಲ್ಲಿ ಹದಿನಾಲ್ಕು ವರ್ಷ ಹಿಂದಿನ ತಾರೀಖು, ಕೆಳಗೆ 'ತಮ್ಮನ ಘನಕಾರ್ಯ. 4 ಸೆಕೆಂಡು'. ಒಳಗೆ ಸುಕ್ಕುಸುಕ್ಕಾದ ಒಂದು ಗೇಣು ಟೇಪು.

ಪುರಾವೆ ಅಷ್ಟಕ್ಕೇ ನಿಲ್ಲಲಿಲ್ಲ. ಅಣ್ಣ ಕ್ಯಾಸೆಟ್ ಬಿಚ್ಚಿ, ಖಾಲಿ ತುಂಡನ್ನು ಕಿತ್ತು, ಈ ಸುಕ್ಕಿನ ತುಂಡನ್ನು ಬಟ್ಟೆಯಿಂದ ನೀವಿ, ಮತ್ತೆ ಅಂಟಿಸಿ, ಯಂತ್ರಕ್ಕೆ ಹಾಕಿದ. ಆರು ಇಪ್ಪತ್ತಕ್ಕೆ ಮೌನವಿದ್ದ ಜಾಗದಲ್ಲಿ ಒಂದು ಸದ್ದು ಬಂತು. ಅದನ್ನು ಡೋಲು ಅನ್ನಲು ಧೈರ್ಯ ಬೇಕು. ಯಾರೋ ನೀರಿನೊಳಗೆ ಮುಳುಗಿ ಬಾಗಿಲು ಬಡಿದ ಹಾಗಿತ್ತು. ಆದರೆ ಸಾಹೇಬರ ಕೈ ತನಗೆ ಗೊತ್ತಿಲ್ಲದೆಯೇ ಮೇಲ್ದುಟಿಗೆ ಹೋಯಿತು.

"ಇದೇ" ಅಂದರು. "ಇದೇ ಡೋಲು."

ಅತ್ತಿಗೆ ಸಾಹೇಬರ ಕಡೆ ನೋಡಲೇ ಇಲ್ಲ. ನಮ್ಮಿಬ್ಬರನ್ನೂ ನೋಡುತ್ತಿದ್ದರು. "ಅಂದರೆ ಹದಿನಾಲ್ಕು ವರ್ಷ, ಸಾವಿರಾರು ಜನಕ್ಕೆ, ಮೌನವೂ ಒಂದು ಸ್ವರ ಅಂತ ನಾನು ಉಪನ್ಯಾಸ ಕೊಟ್ಟಿದ್ದು ನಿಮ್ಮ ಗೋಂದಿನ ಬಗ್ಗೆನಾ?"

"ಗೋಂದಲ್ಲ" ಅಂದ ಅಣ್ಣ. "ಪ್ಲಾಸ್ಟಿಕ್ ಅಂಟುಟೇಪು."

"ರೀ, ನೀವು ಇವತ್ತು ಮಾತಾಡಿದ್ದು ಸಾಕು."

ಸಾಹೇಬರು ಗಂಟಲು ಸರಿಮಾಡಿಕೊಂಡರು. ಅನುಮಾನ ಪರಿಹಾರವಾಗಿದೆ, ವರದಿ ಇಲ್ಲೇ ಬರೆದುಕೊಡುತ್ತೇನೆ, ಮೂರು ಪ್ರತಿ ಬೇಕು, ಒಂದು ಯಂತ್ರ ಕೊಡಿ ಅಂದರು. ಆಡಿದ ಮಾತು ಕಾಗದಕ್ಕೆ ಇಳಿಯುವವರೆಗೆ ಅತ್ತಿಗೆಗೆ ಜೀವದಲ್ಲಿ ಜೀವವಿರಲಿಲ್ಲ; ಬರಹದಲ್ಲಿ ಬರದ ಮಾತನ್ನು ನಂಬುವ ಕಸುಬಲ್ಲ ಅವರದು. ಓಡಿಹೋಗಿ ಪಟ್ಟದಾನೆಗೆ ಹೊಸ ಹಾಳೆ, ಕಾರ್ಬನ್ನು ಸಿಕ್ಕಿಸಿ ಕೊಟ್ಟರು. ಸಾಹೇಬರು ಅದರ ಮುಂದೆ ಕೂತರು. ಎರಡೂ ತೋರುಬೆರಳುಗಳನ್ನು ಗಾಳಿಯಲ್ಲಿ ಎತ್ತಿ ಹಿಡಿದರು. ಹಾಗೇ ಹಿಡಿದುಕೊಂಡಿದ್ದರು.

"ಇದರಲ್ಲಿ ಅಕ್ಷರಗಳೇ ಇಲ್ಲವಲ್ಲ ಮೇಡಂ."

"ಎಲ್ಲ ಕೀಲಿಗೂ ಕಪ್ಪು ಬಣ್ಣ ಬಳಿದಿದ್ದೀವಿ ಸಾರ್. ನೋಡಿಕೊಂಡು ಟೈಪ್ ಮಾಡೋ ಕೆಟ್ಟ ಚಾಳಿ ಬರಬಾರದು ಅಂತ."

ಸಾಹೇಬರ ಬೆರಳು ಒಂದು ಕೀಲಿಯ ಮೇಲೆ ಇಳಿಯಿತು, ಅಂಜಿ ಮೇಲೆದ್ದಿತು, ಇನ್ನೊಂದರ ಮೇಲೆ ಇಳಿಯಿತು. ಇಪ್ಪತ್ತೆರಡು ವರ್ಷ ಟೈಪಿಂಗ್ ಪರೀಕ್ಷೆಗಳನ್ನು ನಿಂತು ನೋಡಿದವರು. ಕೂತು ಮಾಡಬೇಕಾದ ಪ್ರಸಂಗ ಬಂದಿರಲಿಲ್ಲ. ಎರಡು ನಿಮಿಷದಲ್ಲಿ ಹಾಳೆಯ ಮೇಲೆ ಒಂದು ಪೂರ್ಣವಿರಾಮ ಬಂದಿತ್ತು. ಬಾಗಿಲಲ್ಲಿ ನಿಂತ ಹುಡುಗಿಯರು ಒಬ್ಬರ ಬೆನ್ನಿಗೊಬ್ಬರು ಮುಖ ಮುಚ್ಚಿಕೊಂಡರು. ಅತ್ತಿಗೆ ಒಂದು ಸಲ ಕಣ್ಣು ಬಿಟ್ಟರು. ನಗು ಅಲ್ಲೇ ಸತ್ತಿತು.

"ಏಳಿ ಸಾರ್" ಅಂದರು, ಮೊದಲ ದಿನ ಬಂದವರಿಗೆ ಹೇಳುವ ಮೆತ್ತನೆಯ ದನಿಯಲ್ಲಿ. "ನೀವು ಹೇಳಿ, ನಾನು ಹೊಡೀತೀನಿ. ನಿಮ್ಮ ಕೈ ಸಹಿಗೆ ಇರಲಿ."

ಕ್ಯಾಸೆಟ್ ಹಾಕಿದರು. ಸಂಗೀತವಿಲ್ಲದೆ ಅವರೂ ಟೈಪ್ ಮಾಡುವವರಲ್ಲ. ಸಾಹೇಬರು ಕೈ ಹಿಂದೆ ಕಟ್ಟಿಕೊಂಡು ಹೇಳತೊಡಗಿದರು: 'ಸದರಿ ಸಂಸ್ಥೆಗೆ ಭೇಟಿ ನೀಡಿ ಪರಿಶೀಲಿಸಲಾಗಿ...' ತುತ್ತೂರಿಯ ಹೆಜ್ಜೆಗೆ ಅವರ ಕಚೇರಿ ಭಾಷೆಯೂ ಹೆಜ್ಜೆ ಹಾಕತೊಡಗಿತು. ಅತ್ತಿಗೆಯ ಹತ್ತು ಬೆರಳು ಕಣ್ಣಿಗೆ ಕಾಣುತ್ತಿರಲಿಲ್ಲ. ಬರೀ ಸದ್ದು, ಗಂಟೆ, ಕ್ಯಾರೇಜು ಸರಿದ ಝರ್. ತಮ್ಮ ನಿರಪರಾಧಿತ್ವವನ್ನು ತಾವೇ, ಮೂರು ಪ್ರತಿಯಲ್ಲಿ, ತಪ್ಪಿಲ್ಲದೆ ಟೈಪ್ ಮಾಡಿಕೊಳ್ಳುವ ಭಾಗ್ಯ ಎಷ್ಟು ಜನಕ್ಕೆ ಸಿಗುತ್ತದೆ? ಒಂದು ಕಡೆ ಸಾಹೇಬರು 'ಅನುಮಾನಾಸ್ಪದವಾಗಿಲ್ಲದಿರುವುದಿಲ್ಲವೆಂದು' ಅಂದರು. ಅತ್ತಿಗೆ ಕೈ ನಿಲ್ಲಿಸದೆ, "ಸಾರ್, ಈಗ ನೀವು ನನ್ನನ್ನ ಮತ್ತೆ ಕಳ್ಳಿ ಮಾಡಿದಿರಿ" ಅಂದರು. ಸಾಹೇಬರು ಮನಸ್ಸಿನಲ್ಲೇ ಎಣಿಸಿಕೊಂಡು, ಹೌದಲ್ಲ ಅಂತ ಒಂದು 'ಇಲ್ಲ' ತೆಗೆದುಹಾಕಿದರು.

ವರದಿ ಮುಗಿಯಿತು. ಸಾಹೇಬರು ಪೆನ್ನು ತೆಗೆದು, ಓದುತ್ತ ಬಂದು, ಕೊನೆಯಲ್ಲಿ ನಿಂತರು.

"'ಆರನೆಯ ನಿಮಿಷದ ನಂತರ ನಾಲ್ಕು ಸೆಕೆಂಡು ಕೈ ಎತ್ತಿ ಬೆನ್ನು ನೆಟ್ಟಗೆ ಮಾಡುವ ಈ ಪದ್ಧತಿಯು ಆರೋಗ್ಯಕರವಾಗಿದ್ದು, ಇತರ ಸಂಸ್ಥೆಗಳೂ ಅನುಸರಿಸಲು ಯೋಗ್ಯವಾಗಿದೆ.' ಮೇಡಂ, ಈ ವಾಕ್ಯ ನಾನು ಹೇಳಿಲ್ಲ."

"ಹೇಳೋದರಲ್ಲಿದ್ರಿ ಸಾರ್. ಮುಖದಲ್ಲಿ ಕಂಡಿತು."

"ಅಳಿಸಿಬಿಡಿ."

"ಕಾರ್ಬನ್ ಪ್ರತಿ ಸಾರ್, ಅಳಿಸಿದರೆ ಮಸಿ ಆಗುತ್ತೆ. ಮೊದಲಿಂದ ಹೊಡೀಬೇಕು. ನನಗೆ ಐದು ಗಂಟೆ ಬ್ಯಾಚು ಬರೋ ಹೊತ್ತಾಯ್ತು." ಅತ್ತಿಗೆ ಕುರ್ಚಿಯಿಂದ ಎದ್ದು, ಅದನ್ನು ಸಾಹೇಬರ ಕಡೆಗೆ ತಿರುಗಿಸಿ ಇಟ್ಟರು. "ನೀವೇ ಕೂರ್ತೀರಾ?"

ಸಾಹೇಬರು ಪಟ್ಟದಾನೆಯ ಕಪ್ಪು ಕೀಲಿಗಳನ್ನು ನೋಡಿದರು. ಬಾಗಿಲುಗಳಲ್ಲಿ ನಿಂತ ಹನ್ನೊಂದು ಜನರನ್ನು ನೋಡಿದರು. ಮೂರು ಪ್ರತಿಗೂ ಸಹಿ ಹಾಕಿದರು.

ಅವರು ಬೀದಿಯ ತಿರುವು ದಾಟುವವರೆಗೂ ಅತ್ತಿಗೆ ನಗುನಗುತ್ತ ಬಾಗಿಲಲ್ಲೇ ನಿಂತಿದ್ದರು. ಆಮೇಲೆ ಒಳಗೆ ಬಂದು, ಹಾಜರಿ ಪುಸ್ತಕ ತೆಗೆದು, ಬೆಳಗ್ಗೆ ಏಳರ ಬ್ಯಾಚಿನ ಕೆಳಗೆ ಎರಡು ಹೊಸ ಹೆಸರು ಬರೆದರು: ಗಂಡನದೊಂದು, ಮೈದುನನದೊಂದು.

"ಕೆಳದರ್ಜೆ ಪಾಸಾಗೋವರೆಗೂ ಇಬ್ಬರಿಗೂ ಬಿಡುಗಡೆ ಇಲ್ಲ" ಅಂದರು.

"ನನಗೆ ಕಿಟಕಿ ಪಕ್ಕದ ಯಂತ್ರ ಕೊಡು" ಅಂದ ಅಣ್ಣ.

ಅವನು ಮೊದಲ ಪ್ರಯತ್ನಕ್ಕೇ ಪಾಸಾದ. ನಾನು ಇನ್ನೂ ಏಳರ ಬ್ಯಾಚಿಗೆ ಹೋಗುತ್ತಿದ್ದೇನೆ.